ಎರಡೇ ಸಾಲಿನ ಜಿಗಿತ

ಗೇಮ್ ಬರೆಯಲು ಹೊರಟವರು ಮೊದಲು ಹುಡುಕುವುದು ಚಿತ್ರಗಳನ್ನು. ನಾನು ಹೇಳುವುದು, ಚಿತ್ರ ಆಮೇಲೆ ಸಿಗುತ್ತದೆ, ಮೊದಲು ಒಂದೆರಡು ಪುಟ್ಟ ಫಂಕ್ಷನ್, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಣುಕು, ಬರೆಯಿರಿ. ಪಾತ್ರಕ್ಕೆ ಜೀವ ಬರುವುದು ಅಲ್ಲಿಂದಲೇ.

ನಡಿಗೆಯನ್ನೇ ನೋಡಿ. ನಾಲ್ಕು ಭಂಗಿಯ ನಾಲ್ಕು ಚಿತ್ರ, ಒಂದೊಂದೂ 100 ಮಿಲಿಸೆಕೆಂಡ್ ಕಾಣಬೇಕು. ಆಟ ಶುರುವಾಗಿ ಎಷ್ಟು ಹೊತ್ತಾಯಿತೆಂದು ಪೈಗೇಮ್ (ಪೈಥಾನ್ ಭಾಷೆಯಲ್ಲಿ ಗೇಮ್ ಬರೆಯುವ ಲೈಬ್ರರಿ) ಮಿಲಿಸೆಕೆಂಡಿನಲ್ಲಿ ಹೇಳುತ್ತದೆ. ಅದನ್ನು 100ರಿಂದ ಭಾಗಿಸಿ, ಬಂದ ಭಾಗಲಬ್ಧವನ್ನು 4ರಿಂದ ಭಾಗಿಸಿ, ಶೇಷ ಹಿಡಿದುಕೊಳ್ಳಿ. ಚಿತ್ರಗಳನ್ನು 0ಯಿಂದ 3ರವರೆಗೆ ಎಣಿಸಿದರೆ, ಈಗ ತೋರಿಸಬೇಕಾದ ಚಿತ್ರದ ಸಂಖ್ಯೆ ಅದೇ. 730 ಆಗಿದ್ದರೆ ಭಾಗಲಬ್ಧ 7, ಶೇಷ 3. 830ಕ್ಕೆ ಭಾಗಲಬ್ಧ 8, ಶೇಷ 0. ಶೇಷ ಎಂದೂ 3 ದಾಟುವುದಿಲ್ಲ, ಹಾಗಾಗಿ ಚಿತ್ರಗಳು ಸರದಿಯಂತೆ ಸುತ್ತುತ್ತಲೇ ಇರುತ್ತವೆ. ಪ್ರಾಥಮಿಕ ಶಾಲೆಯ ಭಾಗಾಕಾರ, ಅಷ್ಟೇ!

ಜಿಗಿತ ಇನ್ನೂ ಸೊಗಸು. ಪ್ರತಿ ಫ್ರೇಮಿಗೂ, ಅಂದರೆ ಪರದೆಯನ್ನು ಹೊಸದಾಗಿ ಬಿಡಿಸುವ ಪ್ರತಿ ಸಲವೂ, ಎರಡೇ ಕೂಡುವಿಕೆ: ವೇಗಕ್ಕೆ ಗುರುತ್ವ ಕೂಡಿಸು, ಎತ್ತರದ ಸ್ಥಾನಕ್ಕೆ ವೇಗ ಕೂಡಿಸು. ಪರದೆಯಲ್ಲಿ ಲೆಕ್ಕ ಮೇಲಿನಿಂದ ಕೆಳಕ್ಕೆ ಬೆಳೆಯುವುದರಿಂದ ಮೇಲಕ್ಕೆ ಹಾರುವ ವೇಗ ಋಣ ಸಂಖ್ಯೆ. ಗುಂಡಿ ಒತ್ತಿದಾಗ ವೇಗ -12, ಗುರುತ್ವ 1 ಎಂದಿಟ್ಟುಕೊಳ್ಳಿ. ಪಾತ್ರ ಮೊದಲು 11 ಪಿಕ್ಸೆಲ್ ಏರುತ್ತದೆ, ಆಮೇಲೆ 10, 9, 8... ಕೊನೆಗೆ 0. ಒಟ್ಟು 66 ಪಿಕ್ಸೆಲ್ ಎತ್ತರ. ಅಲ್ಲಿಂದ 1, 2, 3 ಎಂದು ಇಳಿಯುತ್ತಾ 23ನೇ ಫ್ರೇಮಿಗೆ ಸರಿಯಾಗಿ ನೆಲ ಮುಟ್ಟುತ್ತದೆ. ಜೊತೆಗೆ ಮುಂದಕ್ಕೂ ಸರಿಯುತ್ತಿದ್ದರೆ ಪರದೆಯ ಮೇಲೆ ಮೂಡುವುದು ಪರವಲಯ, ಎಸೆದ ಕಲ್ಲಿನ ದಾರಿ. ಅದನ್ನು ಯಾರೂ ಬಿಡಿಸಿಲ್ಲ, ಕೂಡುವಿಕೆಯಿಂದಲೇ ಹುಟ್ಟಿತು. ಕಲಿಯುವವರಿಗೆ ಭೌತಶಾಸ್ತ್ರ ಇಷ್ಟು ಹತ್ತಿರದಿಂದ ಕಾಣುವ ಜಾಗ ಬೇರೆ ಕಡಿಮೆ.

ಆದರೆ ಫ್ರೇಮನ್ನೇ ಗಡಿಯಾರ ಮಾಡಿಕೊಂಡರೆ ತೊಂದರೆಯಿದೆ. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ಶತ್ರುಗಳು ಸತ್ತಷ್ಟೂ ಬಿಡಿಸುವ ಕೆಲಸ ಕಡಿಮೆಯಾಗಿ, ಉಳಿದವರ ಓಟ ಹೆಚ್ಚುತ್ತಿತ್ತು. ಅದನ್ನು ರೂಪಿಸಿದ ತೊಮೊಹಿರೊ ನಿಶಿಕಾಡೊ ಆ ಗುಣವನ್ನು ಹಾಗೇ ಉಳಿಸಿಕೊಂಡರು, ಆಟಕ್ಕೆ ಕಾವೇರಿತು. ನಿಮ್ಮ ಆಟಕ್ಕೆ ಅದು ಬೇಡವಾಗಿರಬಹುದು. ಫ್ರೇಮಿಗೆ 3 ಪಿಕ್ಸೆಲ್ ಎಂದು ಬರೆದರೆ, ಸೆಕೆಂಡಿಗೆ 60 ಫ್ರೇಮಿನ ಪರದೆಯಲ್ಲಿ 180 ಪಿಕ್ಸೆಲ್ ಓಡುವ ಪಾತ್ರ 144 ಫ್ರೇಮಿನ ಪರದೆಯಲ್ಲಿ 432 ಓಡಿಬಿಡುತ್ತದೆ. ಆದ್ದರಿಂದ ವೇಗವನ್ನು ಸೆಕೆಂಡಿಗೆ 180 ಎಂದು ಬರೆದು, ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ ಗುಣಿಸಿ. ಮೊದಲ ಪರದೆಯಲ್ಲಿ ಹೆಜ್ಜೆ 3 ಪಿಕ್ಸೆಲ್, ಎರಡನೆಯದರಲ್ಲಿ 1.25. ಪಾತ್ರದ ಸ್ಥಾನ, ಅಳತೆ ಹಿಡಿದಿಡುವ ಪೈಗೇಮಿನ ಆಯತ, ರೆಕ್ಟ್, ಮಾತ್ರ ಪೂರ್ಣಾಂಕವನ್ನಷ್ಟೇ ಇಟ್ಟುಕೊಳ್ಳುತ್ತದೆ, ಆ ಕಾಲು ಪಿಕ್ಸೆಲ್ ಪ್ರತಿ ಸಲವೂ ಉದುರಿಹೋಗುತ್ತದೆ. ಸ್ಥಾನವನ್ನು ದಶಮಾಂಶ ಸಂಖ್ಯೆಯಾಗಿ ಬೇರೆ ವೇರಿಯೇಬಲ್‌ನಲ್ಲಿ ಇಟ್ಟು, ಬಿಡಿಸುವ ಹೊತ್ತಿಗಷ್ಟೇ ರೆಕ್ಟ್‌ಗೆ ಕೊಡಿ.