ಇನ್ನೊಬ್ಬರ ಕೈಯ ಅಂದಾಜು

ಐದು ವರ್ಷದ ಇಬ್ಬರು ಮಕ್ಕಳಿಗೆ ಉದ್ದನೆಯ ಬೆಂಚೊಂದನ್ನು ಕೋಣೆಯ ಆ ತುದಿಯಿಂದ ಈ ತುದಿಗೆ ಸಾಗಿಸಲು ಹೇಳಿ ನೋಡಿ. ಹುಡುಗ ತನ್ನ ಬದಿಯನ್ನು ಗಬಕ್ಕನೆ ಎತ್ತುತ್ತಾನೆ. ಹುಡುಗಿ ಇನ್ನೂ ಬಗ್ಗಿಯೇ ಇಲ್ಲ. ಬೆಂಚು ಓರೆಯಾಗುತ್ತದೆ. ಅವಳು ಎತ್ತುವ ಹೊತ್ತಿಗೆ ಇವನು ಹೊರಟಾಗಿದೆ, ಬೆಂಚು ಅವಳ ಕೈಯಿಂದ ಜಾರುತ್ತದೆ. ಜಗಳ. ಮೂರೋ ನಾಲ್ಕೋ ಸಲ ಹೀಗಾದ ಮೇಲೆ ಮಾತಿಲ್ಲದೆ ಏನೋ ನಡೆಯುತ್ತದೆ: ಎತ್ತುವ ಮುನ್ನ ಇವನು ಒಂದು ಗಳಿಗೆ ತಡೆದು ಅವಳ ಭುಜ ನೋಡುತ್ತಾನೆ. ಭುಜ ಅಲುಗಿತೋ, ಎತ್ತುತ್ತಾನೆ. ಆ ಒಂದು ಗಳಿಗೆಯ ತಡೆ ಇದೆಯಲ್ಲ, ನನ್ನ ಕುತೂಹಲವೆಲ್ಲ ಅದರ ಮೇಲೆ.

ಮಕ್ಕಳು ಕೂಡಿ ಕಲಿಯಲು ನೆರವಾಗುವ ತಂತ್ರಜ್ಞಾನ ಎಂದ ಕೂಡಲೇ ಚರ್ಚೆ ತಲೆ ಮತ್ತು ಬಾಯಿಯ ಕಡೆ ಹೊರಳುತ್ತದೆ. ಮಕ್ಕಳು ಎಷ್ಟು ಮಾತಾಡಿದರು, ಯಾರು ಯಾರಿಗೆ ವಿವರಿಸಿದರು, ಉತ್ತರ ಸರಿಬಂತೇ. ಚಲನಾ ಬೆಳವಣಿಗೆ, ಅಂದರೆ ಮೈಕೈ ಪಳಗುವ ಬಗೆ, ಅಳೆಯುವವರದು ಬೇರೆಯೇ ಲೋಕ: ಒಂಟಿ ಮಗುವನ್ನು ಮಣಿ ಪೋಣಿಸಲು ಕೂರಿಸಿ ಸ್ಟಾಪ್‌ವಾಚ್ ಒತ್ತುತ್ತಾರೆ. ಬೆಂಚು ಹೊತ್ತ ಆ ಇಬ್ಬರು ಇವೆರಡರ ಸಂದಿಯಲ್ಲಿ ಕಣ್ಮರೆಯಾಗುತ್ತಾರೆ.

ಅವರನ್ನು ಹುಡುಕಲು ಮೊದಲು ಕಣ್ಣಿನಿಂದ ಹೊರಡೋಣ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರ ಮೂಲೆಯನ್ನು ರೆಪ್ಪೆಯ ಮೇಲಿನಿಂದ ಬೆರಳಲ್ಲಿ ಮೆಲ್ಲಗೆ, ತೀರಾ ಮೆಲ್ಲಗೆ ಒತ್ತಿ. ಎದುರಿನ ಗೋಡೆ ಅಲುಗುತ್ತದೆ. ಈಗ ಬೆರಳು ತೆಗೆದು ಕಣ್ಣುಗುಡ್ಡೆಯನ್ನೇ ಅತ್ತಿತ್ತ ಹೊರಳಿಸಿ. ಗೋಡೆ ನಿಂತಲ್ಲೇ ನಿಂತಿದೆ. ಎರಡೂ ಸಲ ಅಕ್ಷಿಪಟಲದ ಮೇಲೆ ಚಿತ್ರ ಸರಿದದ್ದು ನಿಜ, ಆದರೂ ಒಂದು ಸಲ ಮಾತ್ರ ಲೋಕ ಸರಿಯಿತು. ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನ್ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದ. 1950ರಲ್ಲಿ ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟೆಲ್‌ಸ್ಟಾಟ್ ಎಂಬ ಇಬ್ಬರು ಜರ್ಮನರು ನೊಣದ ತಲೆಯನ್ನು 180 ಡಿಗ್ರಿ ತಿರುಚಿ ಅಂಟಿಸಿ ನೋಡಿದರು. ಪಾಪದ ನೊಣ ನಡೆಯಹೊರಟರೆ ಗಿರಗಿರನೆ ಸುತ್ತತೊಡಗಿತು. ಅವರು ಕೊಟ್ಟ ವಿವರಣೆ ಇದು: ಸ್ನಾಯುವಿಗೆ ಆದೇಶ ಹೊರಟಾಗ ಅದರ ನಕಲು ಪ್ರತಿ ಒಳಗೇ ಉಳಿಯುತ್ತದೆ, ಇಂದ್ರಿಯಗಳು ತರುವ ಸುದ್ದಿಯನ್ನು ಆ ನಕಲಿನ ಜೊತೆ ತಾಳೆ ನೋಡಲಾಗುತ್ತದೆ. ನೊಣದ ತಲೆ ತಿರುಚಿದಾಗ ತಾಳೆ ತಲೆಕೆಳಗಾಯಿತು.

ಕಚೇರಿಯಿಂದ ಹೋದ ಪತ್ರದ ಪ್ರತಿ ಕಡತದಲ್ಲಿದ್ದರೆ ಉತ್ತರ ಬಂದಾಗ ಗೊಂದಲವಿಲ್ಲ, ಹಾಗೆ. ಅಥವಾ ಬಸ್ಸನ್ನು ನೆನೆಸಿಕೊಳ್ಳಿ: ಬ್ರೇಕ್ ಹಾಕಿದ ಚಾಲಕ ಮುಗ್ಗರಿಸುವುದಿಲ್ಲ, ನಿಂತ ಪ್ರಯಾಣಿಕರೆಲ್ಲ ಮುಂದಕ್ಕೆ ವಾಲುತ್ತಾರೆ. ಇಲ್ಲವೇ ತುಂಬಿದೆ ಎಂದುಕೊಂಡು ಖಾಲಿ ಬಕೆಟ್ ಎತ್ತಿ ನೋಡಿ. ಕೈ ಹಾರಿ ಎದೆಮಟ್ಟಕ್ಕೆ ಬರುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಇದರಿಂದಲೇ. 1998ರಲ್ಲಿ ಲಂಡನ್ನಿನಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್ ಮತ್ತು ಕ್ರಿಸ್ ಫ್ರಿತ್ ಮೆದುಳಿನ ಸ್ಕ್ಯಾನ್ ತೆಗೆದು, ಈ ಮುಂಗಾಣ್ಕೆಯ ಲೆಕ್ಕದಲ್ಲಿ ಸೆರೆಬೆಲ್ಲಮ್ ಎಂಬ ಕಿರುಮೆದುಳಿನ ಕೈವಾಡ ಇರುವುದನ್ನು ತೋರಿಸಿದರು. ಕೈ ಚಲಿಸುವ ಮೊದಲೇ ಕೈ ಎಲ್ಲಿರುತ್ತದೆ ಎಂಬ ಅಂದಾಜು ಸಿದ್ಧವಿರುತ್ತದೆ. ಅಂದಾಜು ತಪ್ಪಿದಷ್ಟೂ ಅದನ್ನು ತಿದ್ದಿಕೊಳ್ಳಲು ಸಾಮಗ್ರಿ ಸಿಗುತ್ತದೆ.

ಹಾಗಾಗಿ ಅಂದಾಜನ್ನು ಯಾರೂ ದಾನ ಕೊಡಲಾಗದು. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಬೆಕ್ಕಿನ ಮರಿಗಳನ್ನು ಜೋಡಿಜೋಡಿಯಾಗಿ ಗಾಣದಂಥ ಯಂತ್ರಕ್ಕೆ ಕಟ್ಟಿದರು. ಒಂದು ಮರಿ ತನ್ನ ಕಾಲಲ್ಲಿ ನಡೆಯುತ್ತದೆ. ಇನ್ನೊಂದು ತೊಟ್ಟಿಲಲ್ಲಿ ಕುಳಿತು ಅದರ ಜೊತೆಗೇ ಸುತ್ತುತ್ತದೆ. ಎರಡೂ ಕಂಡದ್ದು ಹೆಚ್ಚುಕಡಿಮೆ ಅದೇ ದೃಶ್ಯ. ಉಳಿದ ಹೊತ್ತೆಲ್ಲ ಕತ್ತಲು. ಕೊನೆಗೆ ನಡೆದ ಮರಿ ಆಳ ಕಂಡರೆ ಹಿಂಜರಿಯಿತು. ಕೂತು ಬಂದದ್ದಕ್ಕೆ ಆಳವೇನು, ಸಮತಲವೇನು, ವ್ಯತ್ಯಾಸವೇ ತಿಳಿಯಲಿಲ್ಲ.

ಮನುಷ್ಯರ ಮರಿಗಳ ಲೆಕ್ಕ ಇನ್ನೂ ಮಜವಾಗಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದಂತೆ, 12ರಿಂದ 19 ತಿಂಗಳ ಮಕ್ಕಳು ತಮ್ಮ ಪಾಡಿಗೆ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತವೆ, 17 ಸಲ ಬೀಳುತ್ತವೆ. ಇದೇ ಅಡಾಲ್ಫ್ ಅವರ ಇನ್ನೊಂದು ಪ್ರಯೋಗ ನನಗೆ ಬಲು ಇಷ್ಟ. ವಾರಗಟ್ಟಲೆ ಅಂಬೆಗಾಲಿಟ್ಟು ಪಳಗಿದ ಮಗು ಕಡಿದಾದ ಇಳಿಜಾರು ಕಂಡರೆ ಅಂಚಿನಲ್ಲೇ ನಿಲ್ಲುತ್ತದೆ. ಅದೇ ಮಗು ಎದ್ದು ನಡೆಯತೊಡಗಿದ ಹೊಸತರಲ್ಲಿ ಅದೇ ಇಳಿಜಾರಿಗೆ ಧುಮುಕುತ್ತದೆ. ಪಕ್ಕದಲ್ಲಿ ನಿಂತವರು ಹಿಡಿದುಕೊಳ್ಳಬೇಕು. ‘ಇದು ಅಪಾಯ’ ಎಂಬ ಪಾಠವನ್ನು ಅದು ಕಲಿತಿರಲಿಲ್ಲ. ಮಂಡಿ ಮತ್ತು ಅಂಗೈಗಳ ಮೇಲಿದ್ದಾಗ ತನ್ನ ಮೈ ಏನು ಮಾಡಬಲ್ಲದು ಎಂದಷ್ಟೇ ಕಲಿತಿತ್ತು.

ಇಷ್ಟು ತಿಳಿದ ಮೇಲೂ ಚಕ್ರದ ವಾಕರಿನಲ್ಲಿ ಕೂರಿಸಿದರೆ ಮಗು ಬೇಗ ನಡೆಯುತ್ತದೆ ಎಂಬ ನಂಬಿಕೆ ಸಾಯುವುದಿಲ್ಲ. ವಾಕರು ಬೀಳುವುದನ್ನು ತಪ್ಪಿಸುತ್ತದೆ, ಅಂದರೆ ಪಾಠವನ್ನೇ ತಪ್ಪಿಸುತ್ತದೆ. ಮೆಟ್ಟಿಲಿನಿಂದ ಉರುಳುವುದನ್ನು ಮಾತ್ರ ತಪ್ಪಿಸುವುದಿಲ್ಲ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಇನ್ನೊಂದು ಹಠಮಾರಿ ನಂಬಿಕೆ, ಅಂಬೆಗಾಲಿಡದ ಮಗುವಿಗೆ ಮುಂದೆ ಓದು ಹತ್ತುವುದಿಲ್ಲ ಎಂಬುದು. ದೊಡ್ಡ ಮಕ್ಕಳನ್ನೂ ಮತ್ತೆ ತೆವಳಿಸಿ ‘ಮೆದುಳು ಸರಿಮಾಡುವ’ ಡೋಮನ್-ಡೆಲಕಾಟೋ ಪದ್ಧತಿಗೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1982ರಲ್ಲೂ 1999ರಲ್ಲೂ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿದಾಗ ಅವರಲ್ಲಿ ಶೇ. 4.3ರಷ್ಟು ಮಕ್ಕಳು ಕೈ-ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ. ಈ ಹೆಸರಿನಲ್ಲಿ ಹೆತ್ತವರನ್ನು ಹೆದರಿಸಿ ಹಣ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಬೆಂಚಿಗೆ ಮರಳೋಣ. ಅಲ್ಲಿ ಮಗು ತನ್ನ ಕೈಯ ಜೊತೆಗೆ ತನ್ನ ಆದೇಶಕ್ಕೆ ಬಗ್ಗದ ಇನ್ನೊಂದು ಕೈಯನ್ನೂ ಅಂದಾಜು ಮಾಡಬೇಕು. ಆ ಕೈಗೆ ಹೊರಟ ಆದೇಶದ ನಕಲು ಇದರ ಬಳಿ ಇಲ್ಲ. ಹಾಗಾದರೆ ಹೇಗೆ ಮಾಡುತ್ತದೆ? 2009ರಲ್ಲಿ ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಾಸೆಲ್ಲೋ ಪುಟ್ಟ ಮಕ್ಕಳ ಕೈಗೆ ಡೋಲು ಕೊಟ್ಟರು. ತಾಳ ಹಾಕುವವರು ಮೂರು ಬಗೆ: ಜೊತೆಗೆ ಕೂತ ಮನುಷ್ಯ, ತಾನೇ ಬಡಿಯುವ ಯಂತ್ರ, ಬರೀ ಧ್ವನಿವರ್ಧಕ. ಮನುಷ್ಯ ಜೊತೆಗಿದ್ದಾಗ ಮಕ್ಕಳ ತಾಳ ಹೆಚ್ಚು ಕೂಡಿಬಂತು. ಎರಡೂವರೆ ವರ್ಷದವರು ಸಹ ತಮ್ಮ ವೇಗವನ್ನು ಹೊಂದಿಸಿಕೊಂಡರು. ಎದುರಿಗಿರುವುದು ತನ್ನಂಥದೇ ಮೈ ಎಂದಾದರೆ ಮಗು ತನ್ನ ಅಂದಾಜಿನ ಯಂತ್ರವನ್ನೇ ಅದಕ್ಕೆ ಎರವಲು ಕೊಡುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಕಂಪ್ಯೂಟರುಗಳು ಬಹುಕಾಲ ಇದಕ್ಕೆ ಅಡ್ಡಗಾಲಾಗಿದ್ದವು. ಒಂದು ತೆರೆ, ಒಂದು ಮೌಸು. ಹಿಡಿದವನೇ ರಾಜ, ಮಿಕ್ಕವರು ತೊಟ್ಟಿಲಲ್ಲಿ ಕೂತ ಬೆಕ್ಕಿನ ಮರಿಗಳು. 2000ದ ಹೊತ್ತಿಗೆ ಕಿಡ್‌ಪ್ಯಾಡ್ ಎಂಬ ಚಿತ್ರ ಬರೆಯುವ ತಂತ್ರಾಂಶ ಇಬ್ಬರಿಗೂ ಮೌಸು ಕೊಟ್ಟು, ಇಬ್ಬರು ಮಕ್ಕಳು ತಮ್ಮ ಬಣ್ಣಕಡ್ಡಿಗಳನ್ನು ಒಟ್ಟಿಗೆ ಬಳಸಿದರೆ ಮೂರನೆಯ ಬಣ್ಣ ಬರುವಂತೆ ಮಾಡಿತು. ಮರುವರ್ಷ ಮಿತ್ಸುಬಿಷಿಯ ಸಂಶೋಧನಾಲಯದಿಂದ ಡೈಮಂಡ್‌ಟಚ್ ಎಂಬ, ಮುಟ್ಟಿ ನಡೆಸುವ ಕಂಪ್ಯೂಟರ್ ಮೇಜು ಬಂತು. ಅದರ ಮೈಯೊಳಗೆ ಹರಡಿದ ಒಂದೊಂದು ಆಂಟೆನಾವೂ ತನ್ನದೇ ಗುರುತಿನ ದುರ್ಬಲ ಸಂಕೇತ ಸೂಸುತ್ತಿರುತ್ತದೆ. ಮಗು ಮೇಜು ಮುಟ್ಟಿದರೆ ಸಂಕೇತ ಬೆರಳಿಗೆ ದಾಟಿ, ತೋಳಿಗಿಳಿದು, ಮೈಯೆಲ್ಲ ಹಾದು, ಕೂತ ಕುರ್ಚಿಯಲ್ಲಿರುವ ಗ್ರಾಹಕಕ್ಕೆ ಸೇರುತ್ತದೆ. ಮಗುವೇ ತಂತಿ! ಎಲ್ಲಿ ಮುಟ್ಟಿದ್ದು ಎಂಬುದು ಸಂಕೇತದಿಂದ ತಿಳಿಯುತ್ತದೆ, ಯಾರು ಮುಟ್ಟಿದ್ದು ಎಂಬುದು ಕುರ್ಚಿಯಿಂದ. ಗೆಳೆಯನ ಕೈ ಹಿಡಿದುಕೊಂಡು ಮುಟ್ಟಿದರೆ ಇಬ್ಬರ ಕುರ್ಚಿಗೂ ಸುದ್ದಿ ಹೋಗುತ್ತದೆ.

‘ಯಾರು’ ಎಂದು ತಿಳಿದ ಮೇಲೆ ಷರತ್ತು ಹಾಕಬಹುದು. ಇಟಲಿಯ ಸಂಶೋಧಕರು ಆಟಿಸಂ ಇರುವ ಹುಡುಗರಿಗಾಗಿ ಮಾಡಿದ ಚಿತ್ರ ಜೋಡಿಸುವ ಆಟದಲ್ಲಿ, ಇಬ್ಬರೂ ಒಟ್ಟಿಗೆ ಮುಟ್ಟಿ ಎಳೆದರೆ ಮಾತ್ರ ಚೂರು ಜರುಗುತ್ತದೆ. ಒಬ್ಬನೇ ಎಷ್ಟು ತಿಕ್ಕಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಈ ನಿಯಮ ಇದ್ದಾಗ ಹುಡುಗರ ನಡುವೆ ಕೊಡುಕೊಳ್ಳುವ ನಡೆಗಳು ಹೆಚ್ಚಿದವು. ಬೆಂಚೇ ಮೇಜಿನ ಮೇಲೆ ಬಂದು ಮಲಗಿದಂತಾಯಿತು.

ಆದರೆ ಬೆರಳುಗಳು ಹೆಚ್ಚಾದ ಮಾತ್ರಕ್ಕೆ ಸಹಕಾರ ಉಕ್ಕುವುದಿಲ್ಲ. ಒಂದು ಸಲಕ್ಕೆ ಒಂದೇ ಬೆರಳನ್ನು ಗುರುತಿಸುವ ಮೇಜನ್ನೂ ಹಲವು ಬೆರಳಿನ ಮೇಜನ್ನೂ ಹೋಲಿಸಿದ 2009ರ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಪಾಲ್ಗೊಳ್ಳುವಿಕೆಯ ಸಮಪಾಲು ಬದಲಾಗಲಿಲ್ಲ. ಬದಲಾದದ್ದು ಮಾತು: ಒಂದೇ ಬೆರಳಿನ ಮೇಜಿನಲ್ಲಿ ‘ಈಗ ನನ್ನ ಸರದಿ’ ಎಂಬ ತಕರಾರು, ಹಲವು ಬೆರಳಿನದರಲ್ಲಿ ಕೆಲಸದ ಮಾತು.

ಗಾಜಿನ ಮೇಲೆ ಜಾರುವ ಚೂರಿಗೆ ತೂಕವಿಲ್ಲ, ಅಂಚಿಲ್ಲ, ಅದು ಕಾಲ ಮೇಲೆ ಬೀಳುವುದೂ ಇಲ್ಲ. ಕೈಗೆ ಇದು ಸಾಕೇ? 2016ರ ಬ್ರಿಟನ್ನಿನ ಸಮೀಕ್ಷೆಯಲ್ಲಿ ಟಚ್‌ಸ್ಕ್ರೀನಿನ ಚಿತ್ರವನ್ನು ಬೆರಳಲ್ಲಿ ಸರಿಸಲು ಬೇಗ ಕಲಿತ ಕೂಸುಗಳು ದಿಮ್ಮಿಗಳನ್ನೂ ಬೇಗ ಪೇರಿಸಿದ್ದವು. 2017ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನದಲ್ಲಿ 24 ವಾರ ಟ್ಯಾಬ್ಲೆಟ್ ಬಳಸಿದ ಮಕ್ಕಳಿಗಿಂತ ಕೈಯಾರೆ ಆಡಿದವರ ಬೆರಳು ಹೆಚ್ಚು ಚುರುಕಾದವು. ಮೊದಲನೆಯದು ಬರೀ ನಂಟು. ಚೂಟಿ ಕೈಯ ಮಗು ಎರಡನ್ನೂ ಬೇಗ ಮಾಡಿರಬಹುದು. ಎರಡನೆಯದಕ್ಕೇ ನನ್ನ ಒಲವು. ಇನ್ನೂ ಓದಲು ಬಾರದ ಮಕ್ಕಳು ಅಕ್ಷರವನ್ನು ಕೈಯಾರೆ ಬರೆದು ಕಲಿತಾಗ, ಕೀಲಿ ಒತ್ತಿ ಕಲಿತಾಗ ಏಳದ ಸಂಚಲನ ಮೆದುಳಿನ ಓದಿನ ಜಾಲದಲ್ಲಿ ಏಳುತ್ತದೆಂದು ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ತೋರಿಸಿದ್ದರು. ವಕ್ರವಾಗಿ, ಗೆರೆ ದಾಟಿ ಬರೆದ ಅಕ್ಷರವೂ ಒಂದು ಬೀಳುವಿಕೆಯೇ. ಶಾಲೆಗೆ ಹೋಗುವ ವಯಸ್ಸಿನ ನೂರರಲ್ಲಿ ಐದಾರು ಮಕ್ಕಳಿಗೆ ಚಲನೆಯ ಹೊಂದಾಣಿಕೆಯದೇ ತೊಂದರೆ ಇರುತ್ತದೆ. ಗುಂಪಿನ ಆಟಕ್ಕೆ ಅವರನ್ನು ಕೊನೆಗೆ ಆರಿಸುತ್ತಾರೆ, ‘ಸೋಮಾರಿ’ ಅನ್ನುತ್ತಾರೆ. ಜೊತೆಗಾರ ಕಾದರಷ್ಟೇ ಜರುಗುವ ಚೂರು ಇವರಿಗೆ ಎಷ್ಟು ಒದಗುತ್ತದೆ ಎಂದು ಯಾರಾದರೂ ಕೂತು ನೋಡಬೇಕು.

ಈ ದಾರಿಯಲ್ಲಿ ಎಲ್ಲರಿಗಿಂತ ಮೊದಲು ನಡೆದದ್ದು ಒಂದು ಆಮೆ. ಗಣಿತಜ್ಞ ಸೀಮೋರ್ ಪೇಪರ್ಟ್ ಮತ್ತು ಗೆಳೆಯರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಸ್ವಲ್ಪದರಲ್ಲೇ ಅದರ ಆಜ್ಞೆಯಂತೆ ನೆಲದ ಮೇಲೆ ಗೆರೆ ಎಳೆದು ಓಡಾಡುವ ಯಂತ್ರದ ಆಮೆ ಬಂತು. ಓದಲು ಬಾರದ ಪುಟಾಣಿಗಳಿಗಾಗಿ ಗುಂಡಿ ಒತ್ತಿ, ಕಾರ್ಡು ಸಿಗಿಸಿ ಅದನ್ನು ನಡೆಸುವ ಪೆಟ್ಟಿಗೆಗಳನ್ನು 1970ರ ದಶಕದಲ್ಲಿ ರೂಪಿಸಿದ್ದು ರೇಡಿಯಾ ಪರ್ಲ್‌ಮನ್, ಮುಂದೆ ಕಂಪ್ಯೂಟರ್ ಜಾಲಗಳ ವಿನ್ಯಾಸಕ್ಕೆ ಹೆಸರಾದವರು. ಚೌಕ ಬರೆಸುವುದು ಹೇಗೆಂದು ಮಗು ತಡವರಿಸಿದರೆ ಪೇಪರ್ಟ್ ಅವರ ಸಲಹೆ: ನೀನೇ ಆಮೆಯಾಗು, ನಡೆದು ನೋಡು.

ಯಂತ್ರವಿಲ್ಲದೆಯೂ ಇದನ್ನು ಆಡಿಸಬಹುದು. ಒಬ್ಬಳು ಆಮೆ, ಒಬ್ಬ ಎದುರು ನಿಂತು ಆಜ್ಞೆ ಕೊಡುವವನು. ‘ಮೂರು ಹೆಜ್ಜೆ ಮುಂದೆ. ಬಲಕ್ಕೆ ತಿರುಗು.’ ಅವಳು ತಿರುಗುತ್ತಾಳೆ. ಇವನು ಕೂಗುತ್ತಾನೆ, ‘ಅಲ್ಲ, ಬಲಕ್ಕೆ!’ ಅವಳು ತಿರುಗಿದ್ದು ಬಲಕ್ಕೇ. ಒಂದು ಗಳಿಗೆ ಸುಮ್ಮನಿದ್ದು, ತನ್ನ ಎರಡು ಕೈಗಳನ್ನೂ ನೋಡಿಕೊಂಡು, ಅವನು ನಡೆದು ಹೋಗಿ ಅವಳ ಬೆನ್ನ ಹಿಂದೆ ನಿಲ್ಲುತ್ತಾನೆ.