ಬಿಳಿ ಸೆರಗಿನ ವಿಷಯ ಏಆರ್‌ಟಿ ಡಾಕ್ಟರ್ ಹತ್ರನೂ ಹೇಳಿ

ಏಆರ್‌ಟಿ ಸೆಂಟರ್‌ಗೆ, ಅಂದ್ರೆ ಎಚ್‌ಐವಿ ಚಿಕಿತ್ಸಾ ಕೇಂದ್ರಕ್ಕೆ, ಮಾತ್ರೆಗೆ ಬರೋ ಹೆಣ್ಮಕ್ಕಳು ಜ್ವರ, ಕೆಮ್ಮು, ಸುಸ್ತು ಎಲ್ಲ ಹೇಳ್ತಾರೆ, ಬಿಳಿ ಸೆರಗು ಹೋಗೋದನ್ನ ಮಾತ್ರ ನಾವಾಗೇ ಕೇಳೋ ತನಕ ಬಾಯಿ ಬಿಡಲ್ಲ, ಕೇಳಿದ್ರೂ "ಅದು ಇದ್ದಿದ್ದೇ ಅಲ್ವಾ ಮೇಡಂ" ಅಂತಾರೆ. ಇದ್ದಿದ್ದೇ ಅಂತ ಬಿಡೋ ವಿಷಯ ಅಲ್ಲ ಇದು.

ಯೋನಿ ಒಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೆ ಬ್ಯಾಕ್ಟೀರಿಯಾ ಇರ್ತವೆ, ಲ್ಯಾಕ್ಟಿಕ್ ಆಸಿಡ್ ಮಾಡಿ ಪಿಎಚ್ 4.5ರ ಒಳಗೆ, ಅಂದ್ರೆ ಜಾಗವನ್ನ ಹುಳಿಯಾಗಿ, ಇಡ್ತವೆ. ಅವು ಕಮ್ಮಿಯಾಗಿ ಗಾರ್ಡ್ನೆರೆಲ್ಲಾ ಥರದವು ಜಾಸ್ತಿ ಆದ್ರೆ ಅದೇ ಬ್ಯಾಕ್ಟೀರಿಯಲ್ ವಜೈನೋಸಿಸ್, ಬಿವಿ ಅಂತೀವಿ. ತೆಳ್ಳಗೆ ಬೂದು ಬಣ್ಣದ ಸೆರಗು, ಮೀನಿನ ಥರ ವಾಸನೆ. ಎಷ್ಟೋ ಜನಕ್ಕೆ ಏನೂ ಗೊತ್ತೇ ಆಗಲ್ಲ.

ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದೇ ಇರೋರಿಗೆ ಇದರಿಂದ ಏನಾಗುತ್ತೆ ಅಂದ್ರೆ, ಅಲ್ಲಿ ಉರಿಯೂತ ಆಗಿ ಸಿಡಿ4 ಅನ್ನೋ ರೋಗನಿರೋಧಕ ಕೋಶಗಳು ಬಂದು ಸೇರ್ತವೆ, ವೈರಸ್ ಬೆಳೆಯೋದೇ ಆ ಕೋಶಗಳಲ್ಲಿ, ಹಾಗಾಗಿ ಯೋನಿ ದ್ರವದಲ್ಲಿ ವೈರಸ್ ಜಾಸ್ತಿ ಬರುತ್ತೆ. ಆಫ್ರಿಕಾದಲ್ಲಿ ಹೆಂಡತಿಗೆ ಎಚ್‌ಐವಿ ಇದ್ದು ಗಂಡನಿಗೆ ಇಲ್ಲದ 2000ಕ್ಕೂ ಹೆಚ್ಚು ಜೋಡಿಗಳನ್ನ ನೋಡಿ 2012ರಲ್ಲಿ ಬಂದ ವರದಿ ಪ್ರಕಾರ, ಹೆಂಡತಿಗೆ ಬಿವಿ ಇದ್ರೆ ಗಂಡನಿಗೆ ಎಚ್‌ಐವಿ ಹೋಗೋ ಅಪಾಯ 3 ಪಟ್ಟಿಗಿಂತ ಜಾಸ್ತಿ ಇತ್ತು.

ಇದನ್ನ ಓದಿ ದಯವಿಟ್ಟು ಹೆದರ್ಕೋಬೇಡಿ. ಮಾತ್ರೆ ತಪ್ಪಿಸದೆ ತಗೊಂಡು ರಕ್ತದ ವೈರಲ್ ಲೋಡ್ (ಒಂದು ಮಿಲಿಲೀಟರ್‌ನಲ್ಲಿರೋ ವೈರಸ್ ಲೆಕ್ಕ) 200ರ ಕೆಳಗೇ ಇದ್ರೆ ಸಂಭೋಗದಿಂದ ಸಂಗಾತಿಗೆ ಹರಡಲ್ಲ, ಪಾರ್ಟ್ನರ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಅಂಥ ಒಂದು ಕೇಸೂ ಸಿಗಲಿಲ್ಲ, ಬೇರೆ ಲೈಂಗಿಕ ಸೋಂಕು ಇದ್ದ ಜೋಡಿಗಳಲ್ಲೂ ಸಿಗಲಿಲ್ಲ. ಲೋಡ್ ಇಳಿದವರಲ್ಲೂ ಯೋನಿ ದ್ರವದಲ್ಲಿ ಒಮ್ಮೊಮ್ಮೆ ಸ್ವಲ್ಪ ವೈರಸ್ ಕಾಣೋದುಂಟು, ಆದ್ರೆ ಅದ್ರಿಂದ ಈ ಮಾತು ಬದಲಾಗಲ್ಲ. ಈಗಷ್ಟೇ ಮಾತ್ರೆ ಶುರು ಮಾಡಿದೋರು, ನಡುವೆ ಬಿಟ್ಟೋರು ಮಾತ್ರ ಲೋಡ್ ಇಳಿಯೋ ತನಕ ಕಾಂಡೋಮ್ ಬಳಸ್ಲೇಬೇಕು.

ಬಿವಿಗೆ ಔಷಧಿ ಇದೆ, ಸಾಮಾನ್ಯವಾಗಿ ಮೆಟ್ರೋನಿಡಜೋಲ್ 7 ದಿನ. ಲೈಂಗಿಕ ಸೋಂಕು ನೋಡೋ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಫ್ರೀಯಾಗೇ ಸಿಗುತ್ತೆ. ಅರ್ಧಕ್ಕರ್ಧ ಜನಕ್ಕೆ ವರ್ಷದೊಳಗೆ ಮತ್ತೆ ಬರುತ್ತೆ, ಅದು ನಿಮ್ಮ ತಪ್ಪಲ್ಲ, ಮತ್ತೆ ಬಂದು ತೋರಿಸಿ. ವಾಸನೆ ಅಂತ ಒಳಗೆ ಸೋಪು, ಡೆಟಾಲ್ ಹಾಕಿ ತೊಳೀಬೇಡಿ, ಉಳಿದಿರೋ ಒಳ್ಳೆ ಬ್ಯಾಕ್ಟೀರಿಯಾನೂ ಹೋಗ್ಬಿಡುತ್ತೆ.

ಇನ್ನೊಂದು, ಪರೀಕ್ಷೆಗೆ ಹೋದಾಗಲೇ ಗರ್ಭಕಂಠದ ಕ್ಯಾನ್ಸರ್ ಟೆಸ್ಟ್ ಬಗ್ಗೆನೂ ಕೇಳಿ, ಎಚ್‌ಐವಿ ಇರೋ ಹೆಂಗಸರಿಗೆ ಅದರ ಅಪಾಯ ಸುಮಾರು 6 ಪಟ್ಟು ಜಾಸ್ತಿ, 25 ದಾಟಿದ್ರೆ 3ರಿಂದ 5 ವರ್ಷಕ್ಕೊಮ್ಮೆ ಮಾಡಿಸ್ಬೇಕು.