ಪೆಟೂನಿಯಾ ತನ್ನ ಹೆಸರನ್ನೇ ಕಳೆದುಕೊಳ್ಳುವುದರಲ್ಲಿತ್ತು

ತೂಗು ಕುಂಡದ ತುಂಬ ಪುಟ್ಟ ಪುಟ್ಟ ಗಂಟೆಯಂಥ ಹೂ ಬಿಟ್ಟ ಗಿಡ ನೋಡಿದ್ರೆ ‘ಸಣ್ಣ ಪೆಟೂನಿಯಾ’ ಅಂತೀವಿ ಅಲ್ವಾ? ಅದು ಕ್ಯಾಲಿಬ್ರಕೋವಾ. ಹಾಗಂತ ನಿಮ್ಮದು ದೊಡ್ಡ ತಪ್ಪೇನಲ್ಲ. 1990ರ ತನಕ ಸಸ್ಯಶಾಸ್ತ್ರಜ್ಞರೂ ಇವುಗಳಲ್ಲಿ ಹೆಚ್ಚಿನವನ್ನು ಪೆಟೂನಿಯಾ ಅಂತಲೇ ಕರೆಯುತ್ತಿದ್ದರು.

ಎರಡೂ ಬದನೆ, ಟೊಮೆಟೊ, ತಂಬಾಕಿನ ಕುಟುಂಬದವು. ತವರು ದಕ್ಷಿಣ ಅಮೆರಿಕ. 1767ರಲ್ಲಿ ಫ್ರಾನ್ಸಿನ ಫಿಲಿಬೆರ್ ಕಾಮರ್ಸನ್ ಲಾ ಪ್ಲಾಟಾ ನದಿಯ ಸೀಮೆಯಲ್ಲಿ ಗಿಡ ಕಿತ್ತು ಒಣಗಿಸಿಟ್ಟ. ಅವನ್ನು ನೋಡಿಯೇ 1803ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಜುಸ್ಯೂ ಪೆಟೂನಿಯಾ ಎಂಬ ಹೊಸ ಕುಲ, ಅಂದ್ರೆ ಹತ್ತಿರದ ಪ್ರಭೇದಗಳ ಗುಂಪು, ಮಾಡಿದ. ಬ್ರೆಜಿಲ್‌ನ ತುಪಿ ಭಾಷೆಯಲ್ಲಿ ‘ಪೆಟುನ್’ ಅಂದ್ರೆ ತಂಬಾಕು. ಆ ಕುಲಕ್ಕೆ ಅವನು ಸೇರಿಸಿದ್ದು ಎರಡು ಪ್ರಭೇದ: ಒಂದು ಅಗಲವಾದ ಬಿಳಿ ಹೂವಿನದು, ಇನ್ನೊಂದು ನೆಲಕ್ಕೆ ಹರಡುವ ಚಿಕ್ಕ ಹೂವಿನದು. ತಕರಾರು ಹುಟ್ಟಿದ್ದೇ ಇಲ್ಲಿ.

ಆ ಚಿಕ್ಕ ಹೂವಿನ ಗಿಡವೇ ಮೆಕ್ಸಿಕೊದಲ್ಲೂ ಸಿಕ್ಕಿತು. ಅಲ್ಲಿನ ಸಸ್ಯಶಾಸ್ತ್ರಜ್ಞರಾದ ಲಾ ಯಾವೆ ಮತ್ತು ಲೆಕ್ಸಾರ್ಸಾ 1825ರಲ್ಲಿ ಅದಕ್ಕೆ ಕ್ಯಾಲಿಬ್ರಕೋವಾ ಅಂತ ಬೇರೆ ಹೆಸರಿಟ್ಟರು, ಆಂಟೋನಿಯೊ ದೆ ಲಾ ಕಾಲ್ ಇ ಬ್ರಾಚೊ ಎಂಬ ಔಷಧಿ ತಜ್ಞನ ನೆನಪಿಗೆ. ಇದು ಪೆಟೂನಿಯಾನೇ ಅಂದುಕೊಂಡವರು ಆ ಹೆಸರನ್ನು ಮೂಲೆಗೆ ಸೇರಿಸಿದರು.

ಆಮೇಲೆ ಜೀವಕೋಶದೊಳಗೆ ವಂಶಗುಣ ಹೊತ್ತಿರುವ ಎಳೆಗಳನ್ನು, ಅಂದ್ರೆ ಕ್ರೋಮೋಸೋಮ್‌ಗಳನ್ನು, ಎಣಿಸುವ ಕಾಲ ಬಂತು. ಕೆಲವು ಪೆಟೂನಿಯಾಗಳಲ್ಲಿ 14, ಉಳಿದವುಗಳಲ್ಲಿ 18. ಒಂದು ಗುಂಪಿನ ಗಿಡವನ್ನು ಇನ್ನೊಂದರ ಜೊತೆ ಅಡ್ಡತಳಿ ಮಾಡಿದರೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಇವು ಎರಡು ಬೇರೆ ಕುಲಗಳು ಅಂದ ನೆದರ್‌ಲ್ಯಾಂಡ್ಸ್‌ನ ಸಂಶೋಧಕ ವೈಸ್‌ಮನ್. ಸರಿ, ಹಳೇ ಹೆಸರು ಯಾರಿಗೆ? ಸಸ್ಯಗಳ ಹೆಸರಿನ ನಿಯಮಕ್ಕೆ ಅಂದ ಚೆಂದ, ಜನಪ್ರಿಯತೆ ಯಾವುದೂ ಲೆಕ್ಕಕ್ಕಿಲ್ಲ, ಕುಲಕ್ಕೆ ಮಾದರಿ ಅಂತ ಯಾವ ಪ್ರಭೇದವನ್ನು ಆರಿಸಿರುತ್ತಾರೋ ಹೆಸರು ಅದರ ಹಿಂದೆಯೇ ಹೋಗುತ್ತದೆ. ಹಿಂದಿನವರು ಮಾದರಿ ಅಂತ ಆರಿಸಿದ್ದದ್ದು ಜುಸ್ಯೂನ ಚಿಕ್ಕ ಹೂವನ್ನು. ಅದೋ, 18ರ ಗುಂಪಿನದು!

ಅಂದರೆ ಲೋಕವೆಲ್ಲ ಬೆಳೆಸುವ, 14ರ ಗುಂಪಿನ ತೋಟದ ಪೆಟೂನಿಯಾ ಇನ್ನು ಪೆಟೂನಿಯಾ ಅಲ್ಲ. 1837ರಲ್ಲಿ ಸಸ್ಯಶಾಸ್ತ್ರಜ್ಞ ರಫಿನೆಸ್ಕ್ ಇಟ್ಟಿದ್ದ ‘ಸ್ಟಿಮೊರಿನೆ’ ಅನ್ನೋ ಹೆಸರು ಅದಕ್ಕೆ ಬರಬೇಕಿತ್ತು. 1985ರಲ್ಲಿ ವೈಸ್‌ಮನ್ ಹಾಗೆ ಬರೆದೂ ಆಯಿತು. ಆದರೆ ಬೀಜದ ಪೊಟ್ಟಣ, ಕ್ಯಾಟಲಾಗ್, ಲ್ಯಾಬ್‌ಗಳ ಪ್ರಬಂಧ, ಎಲ್ಲದರ ಮೇಲೂ ಪೆಟೂನಿಯಾ ಅಂತಲೇ ಇತ್ತಲ್ಲ? ನಿಯಮವನ್ನು ಅಷ್ಟು ಅಕ್ಷರಶಃ ಪಾಲಿಸೋದು ಅತಿಯಾಯಿತು ಅಂತ ನನಗೂ ಅನಿಸುತ್ತದೆ. ಮರುವರ್ಷವೇ, ಮಾದರಿಯನ್ನು 14ರ ಗುಂಪಿನ ಬಿಳಿ ಹೂವಿಗೆ ಬದಲಿಸೋಣ ಅಂತ ಒಂದು ಪ್ರಸ್ತಾಪ ಬಂತು. ತಮಾಷೆ ಅಂದ್ರೆ, ಅದನ್ನು ಮಂಡಿಸಿದವರಲ್ಲಿ ವೈಸ್‌ಮನ್ ಕೂಡ ಒಬ್ಬ. ಪ್ರಸ್ತಾಪ ಪಾಸಾಯಿತು.

18ರ ಗುಂಪಿಗೆ ಈಗ ಹೆಸರು ಬೇಕಲ್ಲ. ಹುಡುಕಿದರೆ ಮೆಕ್ಸಿಕೊದವರು ಕೊಟ್ಟದ್ದು ಇದ್ದೇ ಇತ್ತು. 1990ರಲ್ಲಿ ವೈಸ್‌ಮನ್ ಆ ಗುಂಪಿನ ಪ್ರಭೇದಗಳನ್ನು ಕ್ಯಾಲಿಬ್ರಕೋವಾಕ್ಕೆ ಸೇರಿಸಿದ, 165 ವರ್ಷದ ಮೇಲೆ.